ಒಬ್ಬರೇ ಬೆಟ್ಟ ಹತ್ತಿ ಹಕ್ಕಿ ನೋಡುವ ಬಗೆ: ಚಾಮುಂಡಿಯಿಂದ ನಾಗರಹೊಳೆಯವರೆಗೆ

ಮೈಸೂರಿನಲ್ಲಿ ಹೊಸದಾಗಿ ದುರ್ಬೀನು ಕೊಂಡವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ನಾಗರಹೊಳೆಯ ಕಾಡಿನೊಳಗೆ ಒಬ್ಬರೇ ನಡೆದುಕೊಂಡು ಹೋಗಿ ಹಕ್ಕಿ ನೋಡಬಹುದೇ? ಹಾಗೆ ಹೋಗುವಂತಿಲ್ಲ. ನಾಗರಹೊಳೆಯು 643 ಚದರ ಕಿಲೋಮೀಟರ್ ವಿಸ್ತಾರದ ರಾಷ್ಟ್ರೀಯ ಉದ್ಯಾನ, ಜೊತೆಗೆ ಹುಲಿ ಸಂರಕ್ಷಿತ ಪ್ರದೇಶ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅದರೊಳಗೆ ಕಾಲಿಡುವುದು ಅಪರಾಧ, ಮತ್ತು ಅನುಮತಿ ಪಡೆದ ಪ್ರವಾಸಿಗೂ ಅಲ್ಲಿ ಸಿಗುವುದು ಸಫಾರಿ ವಾಹನದ ಒಂದು ಆಸನವೇ ಹೊರತು ಕಾಲುದಾರಿಯಲ್ಲ. ಬಂಡೀಪುರದೊಳಗಿರುವ ಗೋಪಾಲಸ್ವಾಮಿ ಬೆಟ್ಟದ ಕಥೆಯೂ ಅದೇ. 1,454 ಮೀಟರ್ ಎತ್ತರದ ಆ ಬೆಟ್ಟವನ್ನು ನಡೆದು ಹತ್ತುವಂತಿಲ್ಲ, ಬುಡದಲ್ಲಿ ಸ್ವಂತ ವಾಹನ ಬಿಟ್ಟು ಸಾರಿಗೆ ಸಂಸ್ಥೆಯ ಬಸ್ಸು ಹಿಡಿಯಬೇಕು. ಆನೆಯ ಮತ್ತು ಹುಲಿಯ ದಾರಿಯಲ್ಲಿ ಮನುಷ್ಯ ಒಂಟಿಯಾಗಿ ಸಿಕ್ಕರೆ ಅವನಿಗೂ ಕೇಡು, ಆಮೇಲೆ ಆ ಪ್ರಾಣಿಗೂ ಕೇಡು ಎಂಬ ಕಾರಣಕ್ಕೆ ಈ ನಿರ್ಬಂಧ ಸರಿಯಾದದ್ದೆಂದೇ ನಾನು ನಂಬಿದ್ದೇನೆ.

ಆದರೆ ಪ್ರಶ್ನೆ ಕೇಳುವವರ ಆಸೆಯನ್ನು ತಳ್ಳಿಹಾಕುವಂತಿಲ್ಲ. ಗುಂಪಿನಲ್ಲಿ ಹೋದಾಗ ಕಾಣದಷ್ಟು ಹಕ್ಕಿಗಳು ಒಬ್ಬರೇ ಹೋದಾಗ ಕಾಣುತ್ತವೆ, ಏಕೆಂದರೆ ಮಾತಿಲ್ಲ, ಆತುರವಿಲ್ಲ, ಇನ್ನೊಬ್ಬರಿಗಾಗಿ ಎದ್ದು ಹೊರಡಬೇಕಾದ ಒತ್ತಾಯವಿಲ್ಲ. ಆ ಸುಖಕ್ಕೆ ತಕ್ಕ ಬೆಟ್ಟಗಳು ನಮ್ಮ ಮೈಸೂರು ಮಂಡ್ಯಗಳಲ್ಲಿಯೇ ಇವೆ. ನನ್ನ ಸಲಹೆ ಇಷ್ಟು: ಅಕ್ಟೋಬರಿನಿಂದ ಮಾರ್ಚಿಯವರೆಗಿನ ಒಂದು ಪೂರ್ತಿ ಋತುವನ್ನು ಈ ಬೆಟ್ಟಗಳ ಮೇಲೆ ಕಳೆಯಿರಿ, ಕಿವಿ ಪಳಗಿದ ಮೇಲೆ ನಾಗರಹೊಳೆಗೆ ಹೋಗಿ. ಕಿವಿ ಎಂದೇ ಹೇಳುತ್ತಿದ್ದೇನೆ, ಕಣ್ಣು ಎಂದಲ್ಲ. ಹಕ್ಕಿಯ ದನಿಗೆ ಕಿವಿಗೊಡುವ ಅಭ್ಯಾಸವು ಹಕ್ಕಿಯನ್ನು ತೋರಿಸುವುದಷ್ಟೇ ಅಲ್ಲ, ಜೊತೆಗಾರರಿಲ್ಲದೆ ಬೆಟ್ಟ ಹತ್ತುವವರಿಗೆ ಅದೇ ಕಾವಲು ಕೂಡ. ಇದನ್ನು ಮುಂದೆ ವಿವರಿಸುತ್ತೇನೆ.

ಯಾವ ಬೆಟ್ಟ

ಮೊದಲ ಬೆಟ್ಟ ಚಾಮುಂಡಿಯೇ ಆಗಲಿ. ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದ ಈ ಬೆಟ್ಟವು ಊರಿನ ನೆಲದಿಂದ ಮುನ್ನೂರು ಮೀಟರಿಗಿಂತ ಹೆಚ್ಚೇನೂ ಮೇಲೇರುವುದಿಲ್ಲ. 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಮೆಟ್ಟಿಲ ದಾರಿ, ಲೆಕ್ಕಕ್ಕೆ 1,008 ಎಂದು ಜನ ಹೇಳುವ ಮೆಟ್ಟಿಲುಗಳು, ದಾರಿ ತಪ್ಪುವ ಭಯವನ್ನೇ ಇಲ್ಲವಾಗಿಸುತ್ತವೆ. ಬೆಳಗಿನ ಹೊತ್ತು ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಹತ್ತುವ ಹರಕೆಯ ಹೆಂಗಸರು, ವ್ಯಾಯಾಮಕ್ಕೆಂದು ಬರುವ ವಿದ್ಯಾರ್ಥಿಗಳು ಸದಾ ಇರುತ್ತಾರೆ. ಅಂದರೆ ನೀವು ಒಬ್ಬರೇ ಇದ್ದೂ ಒಂಟಿಯಲ್ಲ. ಆಷಾಢದ ಶುಕ್ರವಾರಗಳಂದು ಮತ್ತು ದಸರೆಯ ದಿನಗಳಲ್ಲಿ ಮಾತ್ರ ಬೆಟ್ಟವನ್ನು ಭಕ್ತರಿಗೆ ಬಿಟ್ಟುಬಿಡಿ.

ಎರಡನೆಯದಾಗಿ ಶ್ರೀರಂಗಪಟ್ಟಣದ ಹತ್ತಿರದ ಕರಿಘಟ್ಟ. ಸುಮಾರು 450 ಮೆಟ್ಟಿಲುಗಳ ಸಣ್ಣ ಬೆಟ್ಟ, ಮೇಲೆ ಶ್ರೀನಿವಾಸನ ಗುಡಿ, ಕೆಳಗೆ ಲೋಕಪಾವನಿ ಹೊಳೆ, ಸುತ್ತಲೂ ಕಬ್ಬು ಮತ್ತು ಭತ್ತ. ಇಲ್ಲಿನ ಲಾಭವೆಂದರೆ ಒಂದೇ ಮುಂಜಾವಿನಲ್ಲಿ ಕುರುಚಲು ಗಿಡದ ಹಕ್ಕಿ, ಗದ್ದೆಯ ಹಕ್ಕಿ, ನೀರಿನ ಹಕ್ಕಿ ಮೂರೂ ಸಿಗುತ್ತವೆ. ರಂಗನತಿಟ್ಟು ದೂರವಿಲ್ಲದ ಕಾರಣ ಬಿಸಿಲೇರಿದ ಮೇಲೆ ಹೆಜ್ಜಾರ್ಲೆಗಳು ಮತ್ತು ಬಣ್ಣದ ಕೊಕ್ಕರೆಗಳು ರೆಕ್ಕೆ ಬಡಿಯದೆ ಸುತ್ತು ಸುತ್ತಾಗಿ ಮೇಲೇರುವುದನ್ನು ಗುಡಿಯ ಕಟ್ಟೆಯಿಂದಲೇ ನೋಡಿದ್ದೇನೆ. ಕೆಳಗಿನಿಂದ ಕತ್ತು ನೋಯಿಸಿಕೊಂಡು ನೋಡಬೇಕಾದ ಹಕ್ಕಿಯನ್ನು ಬೆಟ್ಟದ ಮೇಲಿನಿಂದ ಎದುರಾಎದುರು ನೋಡಬಹುದು.

ಮೇಲುಕೋಟೆಗೆ ಹೋಗುವವರು ಯೋಗಾನರಸಿಂಹನ ಬೆಟ್ಟದ ಮೆಟ್ಟಿಲು, ಕಲ್ಯಾಣಿ ಮತ್ತು ಊರಿನ ಸುತ್ತಲಿನ ಬಂಡೆಗಳಿಗೆ ಸೀಮಿತವಾಗಿರಬೇಕು. ಪಕ್ಕದ ಕಾಡು ತೋಳಗಳ ರಕ್ಷಣೆಗಾಗಿ 1974ರಲ್ಲಿ ಘೋಷಿಸಲಾದ ವನ್ಯಧಾಮ, ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಪಾಂಡವಪುರದ ಕುಂತಿಬೆಟ್ಟವನ್ನು ಮೊದಲ ವರ್ಷ ಒಬ್ಬರೇ ಹತ್ತಬೇಡಿ ಎಂದು ಒತ್ತಿ ಹೇಳುತ್ತೇನೆ. ಮನೆಗಾತ್ರದ ಬಂಡೆಗಳ ನಡುವೆ ದಾರಿ ಕವಲೊಡೆಯುತ್ತದೆ, ಮತ್ತು ಹತ್ತುವಾಗ ಸ್ಪಷ್ಟವಾಗಿ ಕಂಡ ದಾರಿ ಇಳಿಯುವಾಗ ಕಾಣುವುದಿಲ್ಲ. ನಾನು ಅಲ್ಲಿಗೆ ಮೊದಲ ಸಲ ಹೋದಾಗ ಬಂಡೆಯ ಮೇಲಿನ ಗಿಡುಗವೊಂದನ್ನು ನೋಡುತ್ತ ನೋಡುತ್ತ ಇಳಿಯುವ ಹೊತ್ತಿಗೆ ಎಡಗಡೆಯ ತಪ್ಪು ಸಂದಿಗೆ ಹೊಕ್ಕು, ಮುಂದೆ ಇಪ್ಪತ್ತಡಿ ನೇರ ಕಡಿದಾದ ಬಂಡೆಯ ಅಂಚಿಗೆ ಬಂದು ನಿಂತೆ. ನೆತ್ತಿಯ ಮೇಲೆ ಬಿಸಿಲು, ಸೀಸೆಯಲ್ಲಿ ಗುಟುಕು ನೀರು. ಕೂತು, ಉಸಿರು ಸಮಸ್ಥಿತಿಗೆ ಬರುವವರೆಗೆ ಕಾದು, ಬಂದ ಸಂದಿಯಲ್ಲೇ ಮತ್ತೆ ಮೇಲಕ್ಕೆ ಹತ್ತಿ, ಪರಿಚಿತ ಜಾಗ ಸಿಕ್ಕ ಮೇಲೆ ಇಳಿದೆ. ಅಂದಿನಿಂದ ಬಂಡೆ ಬೆಟ್ಟಗಳಲ್ಲಿ ಪ್ರತಿ ತಿರುವಿನಲ್ಲೂ ಹಿಂತಿರುಗಿ ನೋಡಿ, ಇಳಿಯುವಾಗ ದಾರಿ ಹೇಗೆ ಕಾಣುತ್ತದೋ ಹಾಗೆಯೇ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳುತ್ತೇನೆ. ದಾರಿ ತಪ್ಪಿದೆ ಎನ್ನಿಸಿದಾಗ ಕೆಳಕ್ಕೆ ಹೋದರೆ ಊರು ಸಿಕ್ಕೇ ಸಿಗುತ್ತದೆ ಎಂಬ ಆಲೋಚನೆ ಬಂಡೆಬೆಟ್ಟದಲ್ಲಿ ಅಪಾಯಕಾರಿ. ಗೊತ್ತಿರುವ ಕಡೆಯ ಜಾಗಕ್ಕೆ ಹಿಂದಿರುಗುವುದೊಂದೇ ಸರಿಯಾದ ಕ್ರಮ. ಕೆಲವು ಚಾರಣದ ಬೆಟ್ಟಗಳಿಗೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡ ಟಿಕೆಟ್ ಪಡೆಯಬೇಕಾಗಿರುವುದರಿಂದ ಹೊರಡುವ ಹಿಂದಿನ ದಿನ ಅಲ್ಲಿ ನೋಡಿಕೊಳ್ಳಿ.

ಹೊರಡುವ ಮುನ್ನ

ಮನೆಯವರಿಗೋ ಗೆಳೆಯರಿಗೋ ಒಂದು ಸಂದೇಶ ಕಳುಹಿಸದೆ ಒಬ್ಬರೇ ಬೆಟ್ಟ ಹತ್ತಬಾರದು. "ಚಾಮುಂಡಿ ಬೆಟ್ಟಕ್ಕೆ ಹೋಗುತ್ತಿದ್ದೇನೆ" ಎಂದಷ್ಟೇ ಹೇಳಿದರೆ ಸಾಲದು. ಯಾವ ದಾರಿಯಿಂದ ಹತ್ತುತ್ತೀರಿ, ಯಾವ ದಾರಿಯಿಂದ ಇಳಿಯುತ್ತೀರಿ, ಎಷ್ಟು ಗಂಟೆಗೆ ಕೆಳಗಿರುತ್ತೀರಿ, ಎಷ್ಟು ಗಂಟೆಯವರೆಗೂ ಸುದ್ದಿ ಬಾರದಿದ್ದರೆ ಅವರು ಯಾರಿಗೆ ಕರೆ ಮಾಡಬೇಕು ಎಂಬ ನಾಲ್ಕೂ ಅದರಲ್ಲಿರಲಿ. ಬೆಟ್ಟದ ಮೇಲೆ ಹೋದ ಮೇಲೆ ಮನಸ್ಸು ಬದಲಾಯಿಸಿ ಬೇರೆ ದಾರಿ ಹಿಡಿದರೆ ಮತ್ತೊಂದು ಸಂದೇಶ ಕಳುಹಿಸಿ. ತುರ್ತಿಗೆ 112 ಸಂಖ್ಯೆ ನೆನಪಿರಲಿ, ಮೊಬೈಲು ಪೂರ್ತಿ ಚಾರ್ಜ್ ಆಗಿರಲಿ.

ಬಟ್ಟೆ ಒಣಹುಲ್ಲಿನ, ಮಣ್ಣಿನ ಅಥವಾ ಮಾಸಲು ಹಸಿರು ಬಣ್ಣದ್ದಾಗಿರಲಿ. ಬಿಳಿ ಮತ್ತು ಹೊಳೆಯುವ ಬಟ್ಟೆ ಹಕ್ಕಿಯ ಕಣ್ಣಿಗೆ ದೂರದಿಂದಲೇ ಬೀಳುತ್ತದೆ. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಉದ್ದ ಪ್ಯಾಂಟು ಲಂಟಾನದ ಮುಳ್ಳಿನಿಂದಲೂ ರಕ್ತ ಹೀರುವ ಉಣ್ಣೆಹುಳುಗಳಿಂದಲೂ ಕಾಪಾಡುತ್ತವೆ. ಮೂರು ಗಂಟೆಯ ನಡಿಗೆಗೆ ಎರಡು ಲೀಟರ್ ನೀರು, ಫೆಬ್ರುವರಿಯ ನಂತರ ಮೂರು. ಕಡಲೆಮಿಠಾಯಿ, ಬಾಳೆಹಣ್ಣು, ಓಆರ್‌ಎಸ್ ಪೊಟ್ಟಣ, ಒಂದು ಸೀಟಿ, ಒಂದು ಟಾರ್ಚು. ಸೀಟಿಯನ್ನು ಚೀಲದ ತಳಕ್ಕೆ ಹಾಕದೆ ಕೊರಳಿಗೆ ಕಟ್ಟಿಕೊಳ್ಳಿ. ಕಾಲು ಉಳುಕಿ ಬಿದ್ದಾಗ ಕೂಗುವ ದನಿಗಿಂತ ಸೀಟಿ ದೂರ ಹೋಗುತ್ತದೆ. ಸುಗಂಧ ದ್ರವ್ಯ ಹಚ್ಚಿಕೊಂಡು ಹೋಗಬೇಡಿ, ಕಾರಣವನ್ನು ಜೇನಿನ ಮಾತು ಬಂದಾಗ ಹೇಳುತ್ತೇನೆ.

ದುರ್ಬೀನಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೊಸಬರು ನಿರಾಶರಾಗಿ ಹವ್ಯಾಸವನ್ನೇ ಬಿಡುವುದು ಇಲ್ಲಿಯೇ. ಅಂಗಡಿಯಲ್ಲಿ ಹತ್ತು ಪಟ್ಟು, ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನನ್ನು ಹೊಗಳಿ ಕೊಡುತ್ತಾರೆ. ಬೆಟ್ಟಕ್ಕೆ ಬೇಕಾದದ್ದು 8x42. ಇಲ್ಲಿ 8 ಎಂದರೆ ಎಂಟು ಪಟ್ಟು ಹಿಗ್ಗಿಸುತ್ತದೆ ಎಂದು, 42 ಎಂದರೆ ಮುಂದಿನ ಗಾಜಿನ ಅಡ್ಡಳತೆ 42 ಮಿಲಿಮೀಟರ್ ಎಂದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ ಸಿಗುತ್ತದೆ, ಇಲ್ಲಿ ಸುಮಾರು ಐದು ಮಿಲಿಮೀಟರ್, ಮುಂಜಾವದ ಮಬ್ಬಿಗೆ ಅದು ಸಾಕು. ಹಿಗ್ಗಿಸುವ ಶಕ್ತಿ ಹೆಚ್ಚಿದಷ್ಟೂ ಕೈಯ ನಡುಕವೂ ಹಿಗ್ಗುತ್ತದೆ, ಕಾಣುವ ಹರವು ಕಿರಿದಾಗುತ್ತದೆ. ಹತ್ತಿ ಹತ್ತಿ ಏದುಸಿರು ಬಿಡುತ್ತಿರುವ ಒಬ್ಬರು ಎಲೆಗಳ ನಡುವೆ ಪುಟಿಯುವ ಸೂರಕ್ಕಿಯನ್ನು ಇಪ್ಪತ್ತು ಪಟ್ಟಿನ ದುರ್ಬೀನಿನಲ್ಲಿ ಹಿಡಿಯಲಾರರು.

ಕೊಂಡ ಮೇಲೆ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ದೂರದ ಒಂದು ಸ್ಪಷ್ಟ ವಸ್ತುವನ್ನು, ಉದಾಹರಣೆಗೆ ಅಂಗಡಿಯ ಫಲಕದ ಅಕ್ಷರಗಳನ್ನು ಆರಿಸಿಕೊಂಡು, ಬಲಗಡೆಯ ಗಾಜನ್ನು ಅಂಗೈಯಿಂದ ಮುಚ್ಚಿ, ನಡುವಿನ ಗಾಲಿಯನ್ನು ತಿರುಗಿಸಿ ಎಡಗಣ್ಣಿಗೆ ಅಕ್ಷರಗಳು ಚೂಪಾಗಿ ಕಾಣುವಂತೆ ಮಾಡಿ. ಆಮೇಲೆ ಎಡಗಡೆಯ ಗಾಜನ್ನು ಮುಚ್ಚಿ, ನಡುವಿನ ಗಾಲಿಯನ್ನು ಮುಟ್ಟದೆ, ಬಲಗಣ್ಣಿನ ಹತ್ತಿರದ ಬಳೆಯನ್ನಷ್ಟೇ ತಿರುಗಿಸಿ ಅದೇ ಅಕ್ಷರಗಳನ್ನು ಚೂಪಾಗಿಸಿ. ಬಳೆ ನಿಂತ ಗುರುತನ್ನು ನೆನಪಿಟ್ಟುಕೊಂಡರೆ ಮುಂದೆ ನಡುವಿನ ಗಾಲಿಯೊಂದೇ ಸಾಕು. ಕನ್ನಡಕ ಹಾಕುವವರು ಕಣ್ಣಿನ ಬಟ್ಟಲುಗಳನ್ನು ಒಳಕ್ಕೆ ತಿರುಗಿಸಿಕೊಳ್ಳಬೇಕು. ಈ ಎರಡು ನಿಮಿಷದ ಕೆಲಸವನ್ನು ಮಾಡದೆ ವರ್ಷಗಟ್ಟಲೆ ಮಸುಕು ನೋಡುತ್ತಿರುವವರ ಸಂಖ್ಯೆ ಕಡಿಮೆಯಿಲ್ಲ. ಇನ್ನೊಂದು ಮಾತು: ಹಕ್ಕಿಯನ್ನು ಬರಿಗಣ್ಣಿನಿಂದ ನೋಡಿ, ನೋಟವನ್ನು ಅದರ ಮೇಲಿಂದ ಕದಲಿಸದೆ, ದುರ್ಬೀನನ್ನು ಕಣ್ಣಿನ ಬಳಿಗೆ ತನ್ನಿ. ದುರ್ಬೀನು ಕಣ್ಣಿಗಿಟ್ಟುಕೊಂಡು ಆಮೇಲೆ ಹಕ್ಕಿ ಹುಡುಕುವುದು ಕೂಡದು. ಮನೆಯ ಮಹಡಿಯಿಂದ ತೆಂಗಿನ ಮರದ ಕಾಗೆಯ ಮೇಲೆ ಒಂದು ವಾರ ಅಭ್ಯಾಸ ಮಾಡಿ.

ಹತ್ತುವ ಕ್ರಮ

ಡಿಸೆಂಬರ್, ಜನವರಿಯಲ್ಲಿ ಮೈಸೂರಿನ ಸೂರ್ಯೋದಯ ಆರೂವರೆಯ ನಂತರ. ನಸುಕು ಹರಿದು, ಮೆಟ್ಟಿಲು ಟಾರ್ಚಿಲ್ಲದೆ ಕಾಣುವ ಹೊತ್ತಿಗೆ ಪಾದದಲ್ಲಿರಿ, ಅದಕ್ಕೆ ಮುಂಚೆ ಬೇಡ. ಚಾಮುಂಡಿ ಬೆಟ್ಟ ಮೀಸಲು ಅರಣ್ಯ, ಅಲ್ಲಿ ಚಿರತೆಗಳಿವೆ. ಚಿರತೆ ಸಾಮಾನ್ಯವಾಗಿ ಮನುಷ್ಯರಿಂದ ದೂರ ಸರಿಯುವ ಪ್ರಾಣಿ. ಆದರೆ ಕತ್ತಲಿನಲ್ಲಿ, ಒಬ್ಬರೇ, ಬಾಗಿ ಕೂತಿರುವ ಆಕಾರವಾಗಿ ಅದರ ಮುಂದೆ ಕಾಣಿಸಿಕೊಳ್ಳುವ ಅಗತ್ಯವಿಲ್ಲ. ಇದೇ ಕಾರಣಕ್ಕೆ ಮೆಟ್ಟಿಲ ದಾರಿಯನ್ನು ಬಿಟ್ಟು ಪೊದೆಗಿಳಿಯಬಾರದು, ಸಂಜೆ ಐದರ ನಂತರ ಹೊಸದಾಗಿ ಹತ್ತಲು ಶುರು ಮಾಡಬಾರದು.

ನಡಿಗೆಯ ನಿಯಮ ಒಂದೇ: ನಡೆಯುವಾಗ ಕಣ್ಣು ನೆಲದ ಮೇಲಿರಲಿ, ನೋಡುವಾಗ ಎರಡು ಕಾಲೂ ನಿಂತಿರಲಿ. ದುರ್ಬೀನು ಕಣ್ಣಿಗಿಟ್ಟುಕೊಂಡು ಒಂದು ಹೆಜ್ಜೆಯನ್ನೂ ಇಡಬಾರದು. ಒಂಟಿ ಚಾರಣದಲ್ಲಿ ಬೀಳುವವರು ಬಹುತೇಕ ಹೀಗೆಯೇ ಬೀಳುವುದು.

ಬೆಟ್ಟವನ್ನು ಮೂರು ಮಜಲುಗಳಾಗಿ ಮಾಡಿಕೊಂಡು ಪ್ರತಿಯೊಂದರಲ್ಲೂ ಅರ್ಧ ಗಂಟೆ ಕೂರುವುದು ನನ್ನ ಪದ್ಧತಿ. ಹೊಸಬರಿಗೆ ಕೂರುವುದೇ ಕಷ್ಟ, ತುದಿ ಮುಟ್ಟುವ ಹಂಬಲ ಎಳೆಯುತ್ತಿರುತ್ತದೆ. ಆದರೆ ಮನುಷ್ಯ ನಡೆದು ಬಂದು ನಿಂತ ಜಾಗದಲ್ಲಿ ಹಕ್ಕಿಗಳು ಹತ್ತು ನಿಮಿಷ ಅಡಗಿರುತ್ತವೆ. ಹದಿನೈದನೆಯ ನಿಮಿಷಕ್ಕೆ ಮೊದಲ ಪಿಕಳಾರ ಹೊರಬರುತ್ತದೆ, ಅದರ ಹಿಂದೆ ಉಳಿದವು.

ಮೊದಲ ಮಜಲು ಪಾದದಿಂದ ಇನ್ನೂರು ಮೆಟ್ಟಿಲೊಳಗಿನ ಕುರುಚಲು. ಬೆಳಗಿನ ಮೊದಲ ಬಿಸಿಲು ಬೀಳುವ ಪೊದೆಯೊಂದನ್ನು ಆರಿಸಿಕೊಂಡು ಬೆಳಕಿಗೆ ಬೆನ್ನು ಕೊಟ್ಟು ಕೂತುಕೊಳ್ಳಿ. ರಾತ್ರಿಯ ಚಳಿಗೆ ಮುದುಡಿದ ಹುಳುಗಳು ಬಿಸಿಲಿಗೆ ಕದಲುವಾಗ ಟುವ್ವಿ, ಉಲಿಯಕ್ಕಿ, ಮಧುರಕಂಠ, ಸೂರಕ್ಕಿಗಳು ಅಲ್ಲಿಗೇ ಬರುತ್ತವೆ. ಕೆಮ್ಮೀಸೆ ಪಿಕಳಾರವನ್ನೂ ಕೆಂಪು ಕಿಬ್ಬೊಟ್ಟೆಯ ಪಿಕಳಾರವನ್ನೂ ಇಲ್ಲಿ ಬೇರ್ಪಡಿಸಿ ಗುರುತಿಸಲು ಕಲಿಯಿರಿ: ಮೊದಲನೆಯದಕ್ಕೆ ನೆಟ್ಟಗಿನ ಜುಟ್ಟು, ಕಣ್ಣಿನ ಹಿಂದೆ ಕೆಂಪು ಚುಕ್ಕೆ, ಬಿಳಿ ಕೆನ್ನೆ, ಎರಡನೆಯದು ಮಸಿಬಣ್ಣದ ತಲೆಯದು, ಬಾಲದ ಬುಡದಡಿ ಕೆಂಪು. ಅಕ್ಟೋಬರಿನಿಂದಾಚೆಗೆ ಒಣ ಎಲೆಗಳ ಮೇಲೆ ಏನೋ ಕುಪ್ಪಳಿಸಿದ ಸದ್ದಾದರೆ ಕದಲದೆ ಕಾಯಿರಿ. ಹಿಮಾಲಯದ ತಪ್ಪಲಿನಿಂದ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವ ನವರಂಗ ಹೀಗೆಯೇ ನೆಲದ ಮೇಲೆ ಎಲೆ ತಿರುವಿ ಹಾಕುತ್ತ ಮೇಯುವ ಹಕ್ಕಿ. ಬೆಳಗ್ಗೆ ಮತ್ತು ಸಂಜೆಯ ಸಂಧಿಕಾಲದಲ್ಲಿ ಅದರ ಎರಡು ಸ್ವರದ ಸಿಳ್ಳೆ ಕೇಳುತ್ತದೆ.

ಎರಡನೆಯ ಮಜಲು ಸುಮಾರು ಏಳುನೂರನೆಯ ಮೆಟ್ಟಿಲಿನ ಹತ್ತಿರದ ನಂದಿ. ಒಂದೇ ಬಂಡೆಯಲ್ಲಿ ಕಡೆದ, ಹದಿನೈದು ಅಡಿಗೂ ಹೆಚ್ಚು ಎತ್ತರದ ಆ ಮೂರ್ತಿಗೆ ನಮಸ್ಕರಿಸಿದ ಮೇಲೆ ಸುತ್ತಲಿನ ಮರಗಳತ್ತ ತಿರುಗಿ. ಇಲ್ಲಿ ಮತ್ತು ಬೆಟ್ಟದ ಬೇರೆಡೆಗಳಲ್ಲಿ ಆಲ, ಅತ್ತಿ, ಬಸರಿ, ಗೋಣಿ ಯಾವುದಾದರೂ ಹಣ್ಣಾಗಿದ್ದರೆ ಅಂದಿನ ನಡಿಗೆಯನ್ನು ಅಲ್ಲಿಗೇ ಮುಗಿಸಿದರೂ ನಷ್ಟವಿಲ್ಲ. ಅಂಜೂರ ಜಾತಿಯ ಈ ಮರಗಳೆಲ್ಲ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಶುರುವಾಗುತ್ತದೆ, ಆದ್ದರಿಂದಲೇ ಕುಟ್ರುಹಕ್ಕಿ, ಕೋಗಿಲೆ, ಹೊನ್ನಕ್ಕಿ, ಗೊರವಂಕಗಳಿಗೆ ವರ್ಷವಿಡೀ ಆಸರೆ. ಜನವರಿಯಿಂದ ಮಾರ್ಚಿಯವರೆಗೆ ಬೂರುಗ ಮತ್ತು ಮುತ್ತುಗ ಹೂವಾದಾಗಲೂ ಹೀಗೆಯೇ ಸಂತೆ ನೆರೆಯುತ್ತದೆ. ಯಾವ ಮರ ಯಾವ ತಿಂಗಳು ಹಣ್ಣಾಯಿತೆಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ವರ್ಷ ಹಕ್ಕಿ ಹುಡುಕುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ನಂದಿಯ ಬಳಿ ಕೋತಿಗಳ ಕಾಟ ಇರುವುದರಿಂದ ತಿಂಡಿಯನ್ನು ಹೊರತೆಗೆಯಬೇಡಿ.

ಮೂರನೆಯ ಮಜಲು ಮೇಲಿನ ತೆರೆದ ಬಂಡೆ ಮತ್ತು ಗಾಳಿ. ಗಿಡುಗಗಳಿಗಾಗಿ ಬೇಗ ತುದಿ ಮುಟ್ಟುವುದರಲ್ಲಿ ಅರ್ಥವಿಲ್ಲ. ಬಿಸಿಲಿಗೆ ಬಂಡೆ ಕಾದು, ಅದರ ಮೇಲಿನ ಗಾಳಿ ಬಿಸಿಯಾಗಿ ಮೇಲೇಳಲು ಒಂಬತ್ತು ಗಂಟೆಯಾದರೂ ಆಗಬೇಕು. ಆ ಬಿಸಿಗಾಳಿಯ ಕಂಬದ ಮೇಲೆ ಹತ್ತಿಯೇ ಹದ್ದು, ಗರುಡ, ಜೇನುಗಿಡುಗ, ಹಾವು ಹಿಡಿಯುವ ಗಿಡುಗವಾದ ಪನ್ನಗಾರಿ ಇವೆಲ್ಲ ರೆಕ್ಕೆ ಬಡಿಯದೆ ಏರುತ್ತವೆ. ಆಕಾಶದಲ್ಲಿರುವ ಹಕ್ಕಿಯ ಬಣ್ಣಕ್ಕಿಂತ ಆಕಾರ ನೋಡಿ. ಬಾಲ ಕವಲಾಗಿದೆಯೇ, ದುಂಡಗಿದೆಯೇ? ರೆಕ್ಕೆಯ ತುದಿಯ ಗರಿಗಳು ಬೆರಳಿನಂತೆ ಬಿಡಿಸಿವೆಯೇ? ತೇಲುವಾಗ ರೆಕ್ಕೆ ಮಟ್ಟಸವಾಗಿದೆಯೇ, ಮೇಲಕ್ಕೆ ಬಾಗಿದೆಯೇ? ಊರ ಹದ್ದಿನ ಬಾಲ ಕವಲು, ಗರುಡನ ಬಾಲ ದುಂಡು. ಇಷ್ಟನ್ನು ಗಟ್ಟಿ ಮಾಡಿಕೊಂಡರೆ ಮೂರನೆಯದೊಂದು ಬಂದಾಗ ಅದು ಬೇರೆಯದೆಂದು ತಾನಾಗಿ ತಿಳಿಯುತ್ತದೆ.

ಕಿವಿಯ ಕಾವಲು

ಮೊದಲ ತಿಂಗಳು ಐದೇ ದನಿ ಕಲಿಯಿರಿ. ಕಂಚುಕುಟಿಗನ ಒಂದೇ ಸಮನೆ ಕುಟ್ಟುವ ಟುಕ್ ಟುಕ್, ದೊಡ್ಡ ಕುಟ್ರುಹಕ್ಕಿಯ ಕುಟ್ರೂ ಕುಟ್ರೂ, ಕೆಂಬೂತದ ಕೊಡದೊಳಗಿಂದ ಬಂದಂತಹ ಗುಪ್ ಗುಪ್, ಟಿಟ್ಟಿಭದ ಗಾಬರಿಯ ಕೂಗು, ಹರಟೆಮಲ್ಲಗಳ ಕಚಕಚ. ಮೆರ್ಲಿನ್ ಎಂಬ ಉಚಿತ ಆ್ಯಪ್ ಮೊಬೈಲಿನಲ್ಲಿ ದನಿ ಕೇಳಿಸಿಕೊಂಡು ಹೆಸರು ಸೂಚಿಸುತ್ತದೆ. ಅದರ ಭಾರತದ ಹಕ್ಕಿಗಳ ಕಡತವನ್ನು ಮನೆಯಲ್ಲಿಯೇ ಇಳಿಸಿಕೊಂಡರೆ ಸಿಗ್ನಲ್ ಇಲ್ಲದೆಡೆಯೂ ನಡೆಯುತ್ತದೆ. ಆದರೆ ಅದು ಹೇಳಿದ ಹೆಸರನ್ನು ಸುಳಿವೆಂದು ತಿಳಿಯಬೇಕೇ ಹೊರತು ತೀರ್ಪೆಂದಲ್ಲ, ಹಕ್ಕಿಯನ್ನು ಕಣ್ಣಾರೆ ಕಂಡ ಮೇಲೆಯೇ ಬರೆದುಕೊಳ್ಳಿ. ಹಕ್ಕಿಯ ದನಿಯನ್ನು ಮೊಬೈಲಿನಲ್ಲಿ ನುಡಿಸಿ ಅದನ್ನು ಹತ್ತಿರ ಕರೆಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆಯೆಂದು ನಂಬಿ ಮರಿಗಳನ್ನು ಬಿಟ್ಟು ಹಾರಿಬರುವ ಹಕ್ಕಿಗೆ ನಾವು ಮಾಡುವುದು ಮೋಸ.

ಈ ಐದು ದನಿಗಳು ಸಹಜವಾದಾಗ ಹೇಗಿರುತ್ತವೆಂದು ತಿಳಿದರೆ ಅಸಹಜವಾದಾಗ ತಕ್ಷಣ ಗೊತ್ತಾಗುತ್ತದೆ. ಏಳೆಂಟು ಹರಟೆಮಲ್ಲಗಳು ಒಂದೇ ಪೊದೆಯನ್ನು ಸುತ್ತುವರಿದು, ಕಾಜಾಣ ಮತ್ತು ಪಿಕಳಾರಗಳನ್ನೂ ಸೇರಿಸಿಕೊಂಡು, ಕೆಳಕ್ಕೆ ನೋಡುತ್ತ ಎಡೆಬಿಡದೆ ಕಿರುಚುತ್ತಿದ್ದರೆ ಅಲ್ಲಿ ಹಾವೋ, ಮುಂಗುಸಿಯೋ, ಕಾಡುಬೆಕ್ಕೋ ಇದೆ. ಮರದ ಎಲೆಗಳ ನಡುವೆ ನೋಡುತ್ತ ಕಿರುಚಿದರೆ ಹೆಚ್ಚಾಗಿ ಹಾಲಕ್ಕಿಯೋ ಗೂಬೆಯೋ. ಇಳಿಜಾರಿನಲ್ಲಿ ನವಿಲು ಇದ್ದಕ್ಕಿದ್ದಂತೆ ಗಾಬರಿಯ ದನಿ ತೆಗೆದು ಮರಕ್ಕೆ ಹಾರಿತು, ಕೋತಿಗಳೂ ಕೆಮ್ಮಿದಂತೆ ಕೂಗಿದವು ಎಂದಾದರೆ ಅತ್ತ ಹೆಜ್ಜೆ ಇಡದೆ ಮೆಟ್ಟಿಲ ಮೇಲಿನ ಜನರ ಕಡೆಗೆ ಸರಿಯಿರಿ. ಒಮ್ಮೆ ಹೀಗೆಯೇ ಹರಟೆಮಲ್ಲಗಳ ಗಲಾಟೆ ಕೇಳಿ ನಿಂತಾಗ ನಾನು ಕೂರಬೇಕೆಂದಿದ್ದ ಬಂಡೆಯ ನೆರಳಿನಿಂದ ಕೊಳಕುಮಂಡಲವೊಂದು ನಿಧಾನವಾಗಿ ಹರಿದು ಹೋಯಿತು. ಕಿವಿಗೆ ಇಯರ್‌ಫೋನು ಹಾಕಿಕೊಂಡು ಒಬ್ಬರೇ ಬೆಟ್ಟ ಹತ್ತುವವರನ್ನು ಕಂಡಾಗಲೆಲ್ಲ ಈ ಕಾವಲುಗಾರರನ್ನು ಅವರು ಕಳೆದುಕೊಂಡಿದ್ದಾರಲ್ಲ ಎಂದು ನನಗೆ ವ್ಯಥೆಯಾಗುತ್ತದೆ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಚೀಪಬಾರದು. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಅಂಗವನ್ನು ಆದಷ್ಟು ಅಲುಗಿಸದೆ, ಸೀಟಿ ಊದಿ ಜನರನ್ನು ಕರೆದು, 112ಕ್ಕೆ ಕರೆ ಮಾಡಿ, ಹೊತ್ತು ಕಳೆಯದೆ ಮೈಸೂರಿನ ಕೆ.ಆರ್. ಆಸ್ಪತ್ರೆ ಅಥವಾ ಮಂಡ್ಯದ ಮಿಮ್ಸ್‌ನಂತಹ ದೊಡ್ಡ ಆಸ್ಪತ್ರೆಗೆ ತಲುಪಬೇಕು. ಹಾವನ್ನು ಹಿಡಿಯುವ, ಕೊಲ್ಲುವ ಪ್ರಯತ್ನ ಬೇಡ, ಅದರಿಂದ ಹೊತ್ತೂ ಹಾಳು, ಇನ್ನೊಂದು ಕಡಿತಕ್ಕೂ ದಾರಿ.

ಬಂಡೆಬೆಟ್ಟಗಳಲ್ಲಿ ಹಾವಿಗಿಂತ ನಾನು ಹೆಚ್ಚು ಹೆದರುವುದು ಹೆಜ್ಜೇನಿಗೆ. ಬಂಡೆಯ ಚಾಚಿನ ಅಡಿಯಲ್ಲಿ ಕಪ್ಪು ಹಲಗೆಯಂತೆ ತೂಗುವ ಗೂಡು ಕಂಡರೆ ಅದರ ಕೆಳಗೆ ಹಾದುಹೋಗಬೇಡಿ, ಕಲ್ಲು ಉರುಳಿಸಬೇಡಿ, ಹೊಗೆಯೆಬ್ಬಿಸಬೇಡಿ. ತೀಕ್ಷ್ಣವಾದ ಸುಗಂಧವೂ ಅವುಗಳನ್ನು ಕೆರಳಿಸಬಹುದು. ಜೇನುಗಿಡುಗವೊಂದು ಗೂಡಿನ ಬಳಿ ಸುಳಿಯುತ್ತಿದ್ದರೆ ಎಷ್ಟೇ ಚೆಂದದ ದೃಶ್ಯವಾದರೂ ದೂರ ಹೋಗಿ ನೋಡಿ, ಅದು ಕೆದಕಿದ ಜೇನು ಕೆಳಗಿರುವವರ ಮೇಲೆರಗುತ್ತದೆ. ಎರಗಿದರೆ ಮುಖ ಮುಚ್ಚಿಕೊಂಡು, ಕೈ ಬೀಸದೆ, ನಿಲ್ಲದೆ ದೂರ ಓಡಬೇಕು, ಆದರೆ ಬಂಡೆಯ ಅಂಚಿನ ಕಡೆಗಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಕೇಳಿದ ಕೂಡಲೇ ಬೋಳು ಬಂಡೆಯಿಂದ ಇಳಿಯಿರಿ. ಫೆಬ್ರುವರಿಯಿಂದ ಮಳೆ ಬೀಳುವವರೆಗೆ ಬೆಟ್ಟದ ಹುಲ್ಲು ಕಿಡಿಗೆ ಕಾದಿರುತ್ತದೆ, ಬೆಂಕಿಕಡ್ಡಿಯನ್ನೇ ಒಯ್ಯಬೇಡಿ. ಏಕೆಂದರೆ ಬೂದುಕೌಜುಗ, ನೆತ್ತಿಂಗಗಳಂತಹ ಹಕ್ಕಿಗಳು ಅಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ.

ಇಳಿಯುವಾಗ ಮೊಣಕಾಲಿಗೆ ಹೆಚ್ಚು ಭಾರ, ಗಮನವೂ ಕುಗ್ಗಿರುತ್ತದೆ. ದಣಿದಿದ್ದರೆ ಮೇಲಿನಿಂದ ನಗರದ 201ನೆಯ ಸಂಖ್ಯೆಯ ಬಸ್ಸು ಹಿಡಿಯುವುದರಲ್ಲಿ ಯಾವ ಸಂಕೋಚವೂ ಬೇಡ. ಕೆಳಗೆ ಬಂದ ತಕ್ಷಣ ಮನೆಗೆ "ಇಳಿದೆ" ಎಂಬ ಸಂದೇಶ ಹೋಗಬೇಕು. ಕಾಫಿ ಅದರ ನಂತರ. ಕಾಫಿಯ ಜೊತೆಗೆ ಟಿಪ್ಪಣಿ ಪುಸ್ತಕ ತೆರೆದು ದಿನಾಂಕ, ಹೊತ್ತು, ಮೋಡವೋ ಬಿಸಿಲೋ, ಹಕ್ಕಿಯ ಹೆಸರು, ಸಂಖ್ಯೆ, ಅದು ಮಾಡುತ್ತಿದ್ದ ಕೆಲಸ ಇಷ್ಟನ್ನು ಬರೆಯಿರಿ. ಗುರುತು ಹತ್ತದ ಹಕ್ಕಿಯನ್ನು ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು ಎಂಬಂತೆ ಅಳತೆ ಹಿಡಿದು, ಕೊಕ್ಕಿನ ಆಕಾರವನ್ನು ಗೀಚಿಟ್ಟುಕೊಳ್ಳಿ. ಇ-ಬರ್ಡ್ ತಾಣಕ್ಕೆ ಈ ಪಟ್ಟಿಯನ್ನು ಸೇರಿಸಿದರೆ ನಿಮ್ಮ ಒಂದು ಮುಂಜಾವಿನ ನೋಟ ಸಂಶೋಧಕರ ಲೆಕ್ಕಕ್ಕೂ ಸಿಗುತ್ತದೆ. ಗೂಡಿನ ಜಾಗವನ್ನು ಮಾತ್ರ ಯಾರಿಗೂ ತಿಳಿಸಬೇಡಿ.

ಆಮೇಲೆ ನಾಗರಹೊಳೆ

ಬೆಟ್ಟದ ಒಂದು ಋತು ಮುಗಿದ ಮೇಲೆ ಹುಣಸೂರಿನ ಕಡೆಯಿಂದ ವೀರನಹೊಸಹಳ್ಳಿಗೋ, ಎಚ್.ಡಿ. ಕೋಟೆಯ ಕಡೆಯಿಂದ ಕಬಿನಿ ಹಿನ್ನೀರಿನ ದಮ್ಮನಕಟ್ಟೆಗೋ ಹೋಗಿ ಅರಣ್ಯ ಇಲಾಖೆಯ ಸಫಾರಿ ಹತ್ತಿ. ಹೊರಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿಕೊಳ್ಳಿ. ಹುಲಿ ಮತ್ತು ಕಾಡಂಚಿನ ಜನರ ನಡುವಿನ ಸಂಘರ್ಷ ಹೆಚ್ಚಿದ ಕಾರಣ 2025ರ ನವೆಂಬರಿನಲ್ಲಿ ಬಂಡೀಪುರ ಮತ್ತು ನಾಗರಹೊಳೆಗಳ ಸಫಾರಿಯನ್ನು ಸರ್ಕಾರ ನಿಲ್ಲಿಸಿತ್ತು.

ಬೆಳಗಿನ ಸರದಿಯನ್ನು, ಸಾಧ್ಯವಾದರೆ ಅಂಚಿನ ಆಸನವನ್ನು ಆರಿಸಿಕೊಳ್ಳಿ. ವಾಹನದಲ್ಲಿ ಉಳಿದವರೆಲ್ಲ ಹುಲಿಗಾಗಿ ಬಂದಿರುತ್ತಾರೆ, ಹಕ್ಕಿಗಾಗಿ ನಿಲ್ಲಿಸಿ ಎಂದು ಪದೇ ಪದೇ ಕೇಳುವುದು ಅವರಿಗೆ ಅನ್ಯಾಯ. ಆದರೆ ಹುಲಿಯ ಸುಳಿವಿಗಾಗಿ ವಾಹನ ನಿಲ್ಲಿಸಿ ಎಂಜಿನ್ ಆರಿಸಿದಾಗ ಸಿಗುವ ಹತ್ತು ನಿಮಿಷ ನಿಮ್ಮವು. ಬೆಟ್ಟದ ಮೇಲೆ ಕೂರುವುದನ್ನು ಕಲಿತವರಿಗೆ ಅಷ್ಟು ಹೊತ್ತು ಧಾರಾಳ. ಮರಕುಟಿಗ, ಕಾಜಾಣ, ನೊಣಹಿಡುಕಗಳು ಒಟ್ಟಾಗಿ ಮೇಯುತ್ತ ಸಾಗುವ ಮಿಶ್ರ ಹಿಂಡು ಹಾದುಹೋದರೆ ಮೊದಲು ಹಿಂಡಿನ ಮುಂದಿನ ಮರಕ್ಕೆ ದುರ್ಬೀನು ಹಿಡಿದು ಕಾಯಿರಿ, ಹಿಂದಟ್ಟಬೇಡಿ. ಹಿನ್ನೀರಿನ ಒಣಮರಗಳ ಮೇಲೆ ಮೀನುಗಿಡುಗಗಳನ್ನು ಹುಡುಕಿ. ಆಕಾಶದಲ್ಲಿ ರಣಹದ್ದು ಕಂಡರೆ ದಿನಾಂಕ, ಹೊತ್ತು ಸಹಿತ ತಪ್ಪದೆ ಬರೆದುಕೊಳ್ಳಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧದಿಂದ ದೇಶದ ರಣಹದ್ದುಗಳು ಅಳಿವಿನಂಚ ತಲುಪಿದವು, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು ನಿಷೇಧಿಸಿದ ಮೇಲೂ ಅವು ಅಪರೂಪವಾಗಿಯೇ ಉಳಿದಿವೆ.

ಕಾಡಿನ ಒಳಗಡೆ ಬಿದಿರಿನ ಮೆಳೆಯಿಂದ ಪನ್ನಗಾರಿಯ ಕೂಗು ಕೇಳಿದಾಗ ಕೂಡಲೇ ಆಕಾಶ ನೋಡಬೇಡಿ. ಆ ಕೂಗು ಎಷ್ಟು ಎತ್ತರದಿಂದ ಬರಬೇಕೆಂಬುದು ಬೆಟ್ಟದ ತುದಿಯಲ್ಲಿ ಕೂತು ಕೇಳಿದ ಕಿವಿಗೆ ಗೊತ್ತಿರುತ್ತದೆ. ಅಷ್ಟು ತಗ್ಗಿನಿಂದ ಬಂದರೆ ಮೆಳೆಯ ನಡುಕೊಂಬೆಗಳಲ್ಲಿ, ಬಾಲದ ಕೊನೆಗೆ ಎರಡು ಉದ್ದ ಕಡ್ಡಿ ಮತ್ತು ಬಿಲ್ಲೆ ತೂಗಿಬಿಟ್ಟುಕೊಂಡು ಇನ್ನೊಂದು ಹಕ್ಕಿಯ ದನಿಯನ್ನು ಅನುಕರಿಸುತ್ತಿರುವ ಕಪ್ಪು ಭೀಮರಾಜನನ್ನು ಹುಡುಕಿ.